ಗುಲಗಂಜಿ ಹುಳದ ಮರಿಗೂ ಔಷಧಿನಾ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ನಮ್ಮ ಭಾಮೈದ ಅವರೆ ಬೆಳೆಗೆ ಹೇನು (ಗಿಡದ ರಸ ಹೀರೋ ಸಸ್ಯಹೇನು) ಬಿದ್ದಿದೆ ಅಂತ ಬೆನ್ನಿಗೆ ಸ್ಪ್ರೇಯರ್ ಏರಿಸಿಕೊಂಡು ನಿಂತಿದ್ದ. "ಹೇನಿನ ಜೊತೆಗೆ ಕರೀದೊಂದು ಮುಳ್ಳುಮುಳ್ಳು ಹುಳ ಬೇರೆ ಬಂದೈತೆ ಭಾವ, ಅಂಗಡಿಯೋರು ಎರಡಕ್ಕೂ ಸೇರಿಸಿ ಕೊಟ್ಟವ್ರೆ" ಅಂದ. ಬಗ್ಗಿ ನೋಡಿದರೆ ಗುಲಗಂಜಿ ಹುಳದ, ಅಂದರೆ ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆ ಇರೋ ಲೇಡಿಬರ್ಡ್‌ನ ಮರಿ! ನಾವು ನೋಡ್ತಿದ್ದ ಹಾಗೇ ಒಂದು ಹೇನನ್ನು ಕಚ್ಚಿ, ಜಗಿದು, ಪಕ್ಕದ್ದಕ್ಕೆ ಬಾಯಿ ಹಾಕಿತು. ಪುಕ್ಕಟೆ ದುಡಿಯೋ ಆಳನ್ನು ಕೊಲ್ಲೋಕೆ ಈ ಮಹಾನುಭಾವ ದುಡ್ಡು ಕೊಟ್ಟು ವಿಷ ತಂದಿದ್ದಾನೆ. ಬೇಡ ಅಂದರೂ ಕೇಳದೆ ಹೊಡೆದೇ ಬಿಟ್ಟ.

ಹೇನಿಗೆ ಗಂಡೇ ಬೇಕಿಲ್ಲ, ಹೆಣ್ಣು ನೇರವಾಗಿ ಮರಿ ಹಾಕುತ್ತೆ, ಆ ಮರಿ ವಾರದೊಳಗೆ ತಾನೂ ಹಾಕುತ್ತೆ. ಗುಲಗಂಜಿ ಹುಳ ಮೊಟ್ಟೆಯಿಂದ ದೊಡ್ಡದಾಗೋಕೆ ಎರಡು ಮೂರು ವಾರ ಬೇಕು. ಎರಡನ್ನೂ ಒಟ್ಟಿಗೆ ಕೊಂದರೆ ಮೊದಲು ಎದ್ದು ಬರೋದು ಯಾವುದು? ಆಮೇಲೆ ಮತ್ತೆ ಅಂಗಡಿ, ಮತ್ತೊಂದು ಡಬ್ಬ. ಅಂಗಡಿಯವರಿಗೇನು ನಷ್ಟ!

ಪಪ್ಪಾಯ ಹಿಟ್ಟು ತಿಗಣೆ, ಅದೇ ಮೈಮೇಲೆ ಬಿಳಿ ಹಿಟ್ಟು ಮೆತ್ತಿಕೊಂಡು ರಸ ಹೀರೋ ಕೀಟ, ನೆನಪಿದೆಯಾ? 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡಿದ್ದು, ನಮ್ಮ ಹಿಪ್ಪುನೇರಳೆಗೂ ಬಂತು. ಸೊಪ್ಪಿಗೆ ವಿಷ ಹೊಡೆದರೆ ರೇಷ್ಮೆ ಹುಳ ಸಾಯುತ್ತೆ, ಬಿಟ್ಟರೆ ಸೊಪ್ಪೇ ಇಲ್ಲ. ಬೆಂಗಳೂರು ಹೆಬ್ಬಾಳದ ಕೀಟ ಸಂಶೋಧನೆಯ ರಾಷ್ಟ್ರೀಯ ಬ್ಯೂರೋದವರು 2010ರಲ್ಲಿ ಪೋರ್ಟೊರಿಕೊದಿಂದ ಅಸೆರೋಫೇಗಸ್ ಅನ್ನೋ ಕಣ್ಣಿಗೆ ಕಾಣೋದೇ ಕಷ್ಟವಾದ ಕಣಜ ತರಿಸಿ, ಸಾಕಿ ಬಿಟ್ಟರು. ಅದು ತಿಗಣೆಯ ಹೊಟ್ಟೆಯೊಳಗೇ ಮೊಟ್ಟೆ ಇಡುತ್ತೆ, ಮರಿ ಒಳಗಿಂದಲೇ ತಿಂದು ಮುಗಿಸುತ್ತೆ. ಯಾವ ಡಬ್ಬಕ್ಕೂ ಬಗ್ಗದ ತಿಗಣೆ ಅದಕ್ಕೆ ಬಗ್ಗಿತು.

"ನೀನು ಕಾಯಿ ಅಂತೀಯ, ಬೆಳೆ ಹೋದರೆ ಸೊಸೈಟಿ ಸಾಲ ನೀನು ಕಟ್ತೀಯಾ?" ಅಂತ ಕೇಳೋರಿದ್ದಾರೆ. ಸರಿ ಸ್ವಾಮಿ, ಹೊಲವೆಲ್ಲ ಹೇನೇ ಆಗಿ, ತಿನ್ನೋ ಹುಳ ಒಂದೂ ಇಲ್ಲದಿದ್ದರೆ ಹೊಡೀರಿ, ಯಾರು ಬೇಡ ಅಂದರು? ಇಲ್ಲಿ ಹೇನಿದ್ದದ್ದು ಒಂದು ಮೂಲೆಯ ಕುಡಿಗಳಲ್ಲಿ. ಹೊಡೆದದ್ದು ಇಡೀ ಹೊಲಕ್ಕೆ. ಎಲೆ ಮಗುಚಿ ನೋಡೋಕೆ ಯಾವ ಸಾಲವೂ ಅಡ್ಡ ಬರಲ್ಲ.

ನಿಜ ಹೇಳಲಾ, ಹುಳ ಸತ್ತಿದ್ದಕ್ಕಿಂತ ನನಗೆ ಉರಿದದ್ದು ಬೇರೆ. ಅಗ್ರಿ ಬಿಎಸ್ಸಿ ಓದಿದ ಭಾವ ಬದುವಿನ ಮೇಲೆ ನಿಂತು ಬಡ್ಕೊಂಡರೂ ಕೇಳದವನು, ಹೊಲದ ಮುಖವನ್ನೇ ನೋಡದ ಅಂಗಡಿಯವನಿಗೆ "ಹೂಂ ಸಾರ್" ಅಂತಾನೆ. ಹೊಟ್ಟೆಕಿಚ್ಚು ಅನ್ನಿ, ಒಪ್ಕೋತೀನಿ.

ಹೊಡೆಯೋ ಮುಂಚೆ ಹುಳದ ಫೋಟೋ ಇನ್‌ಬಾಕ್ಸಿಗೆ ಹಾಕಿ, ರಾತ್ರಿ ಹನ್ನೊಂದಾದರೂ ಉತ್ತರ ಕೊಡ್ತೀನಿ. ಹೊಡೆದ ಮೇಲೆ ಸತ್ತ ಹುಳದ ಫೋಟೋ ಹಾಕಿ "ಇದ್ಯಾವುದು ಸಾರ್?" ಅಂದರೆ ಮಾತ್ರ ಬ್ಲಾಕ್ ಮಾಡ್ತೀನಿ, ನೆಂಟರಾದರೂ ಸರಿ.