ಮೇಲಿಂದ ಸುರಿದರೆ ಬೆಂಕಿ ಆರಿಬಿಡುತ್ತಾ?

ಹೆಲಿಕಾಪ್ಟರ್, ವಿಮಾನ ಜಾಸ್ತಿ ಇದ್ದರೆ ಕಾಡ್ಗಿಚ್ಚು ಬೇಗ ಹತೋಟಿಗೆ ಬರುತ್ತದೆ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ದೊಡ್ಡ ವಿಮಾನಗಳು ಸುರಿಯುವ ಕೆಂಪು ದ್ರವ ಇದೆಯಲ್ಲ, ಅದನ್ನು ಸಾಮಾನ್ಯವಾಗಿ ಉರಿಯುವ ಬೆಂಕಿಯ ಮೇಲೆ ಹಾಕುವುದಿಲ್ಲ. ಬೆಂಕಿ ಬರುವ ದಾರಿಯಲ್ಲಿ, ಇನ್ನೂ ಹತ್ತಿಕೊಳ್ಳದ ಗಿಡ, ಹುಲ್ಲಿನ ಮೇಲೆ ಪಟ್ಟಿಯಂತೆ ಸುರಿಯುತ್ತಾರೆ. ಅದರಲ್ಲಿ ಬಹುಪಾಲು ನೀರು, ಜೊತೆಗೆ ಗೊಬ್ಬರದಲ್ಲೂ ಇರುವ ಅಮೋನಿಯಂ ಫಾಸ್ಫೇಟ್‌ನಂಥ ಲವಣ. ಕೆಂಪು ಬಣ್ಣ ಯಾಕೆಂದರೆ, ಎಲ್ಲಿ ಸುರಿದಾಗಿದೆ ಅಂತ ಪೈಲಟ್‌ಗೆ ಕಾಣಬೇಕು. ಇಷ್ಟೆಲ್ಲ ಮಾಡಿದರೂ ಬೆಂಕಿ ನಿಧಾನವಾಗುತ್ತದೆ, ಅಷ್ಟೇ. ಆ ಹೊತ್ತಿಗೆ ನೆಲದ ಮೇಲಿನ ಅಗ್ನಿಶಾಮಕ ತಂಡದವರು ಬಂದು ಬೆಂಕಿರೇಖೆ (ಬೆಂಕಿ ದಾಟದಂತೆ ಗಿಡ, ಹುಲ್ಲು ತೆಗೆದು ಬರಿದು ಮಾಡಿದ ಪಟ್ಟಿ) ಕಡಿಯದಿದ್ದರೆ ಸುರಿದದ್ದೆಲ್ಲ ದಂಡ.

ಡಿಸಿ-10 ಎಂಬ ದೊಡ್ಡ ಜೆಟ್ ವಿಮಾನ ಒಂದೇ ಸಲಕ್ಕೆ ಈ ದ್ರವವನ್ನು ಸುಮಾರು 35,000 ಲೀಟರ್ ಹೊರುತ್ತದೆ. ಸಿಎಲ್-415 ಎಂಬ ಇನ್ನೊಂದು ವಿಮಾನ ಕೆರೆಯ ಮೇಲೆ ಸವರಿಕೊಂಡು ಹೋಗುತ್ತಾ ಸುಮಾರು 12 ಸೆಕೆಂಡಿನಲ್ಲಿ 6,000 ಲೀಟರ್ ನೀರು ತುಂಬಿಕೊಳ್ಳುತ್ತದೆ. ಕೇಳೋಕೆ ಭರ್ಜರಿ. ಆದರೆ ಗಾಳಿ ಜೋರಾದರೆ ಎರಡೂ ನೆಲ ಬಿಟ್ಟು ಏಳುವಂತಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆದದ್ದು ಇದೇ ಅಲ್ವಾ? ಬೆಂಕಿ ಅತಿ ವೇಗವಾಗಿ ಹಬ್ಬುತ್ತಿದ್ದಾಗಲೇ ಗಾಳಿಯ ಕಾರಣಕ್ಕೆ ಹಾರಾಟ ನಿಲ್ಲಿಸಬೇಕಾಯಿತು. ಆಮೇಲೆ ಯಾರೋ ಸುಮ್ನೆ ಹಾರಿಸಿದ ಡ್ರೋನ್ ಬಡಿದು ಒಂದು ವಿಮಾನದ ರೆಕ್ಕೆಗೆ ತೂತು ಬಿತ್ತು!

ನನ್ನ ಕೇಳಿದರೆ, ದುಡ್ಡಿದ್ದರೆ ಮೊದಲು ನೆಲದ ತಂಡಗಳಿಗೆ ಕೊಡಿ. ಬೆಂಕಿ ಚಿಕ್ಕದಿರುವಾಗಲೇ ಅವರನ್ನು ಅಲ್ಲಿಗೆ ಇಳಿಸುವ ಹೆಲಿಕಾಪ್ಟರ್‌ಗೂ ಕೊಡಿ, ಬೇಡ ಅನ್ನಲ್ಲ.