ಸೂರಿಗೊಂದು ಸೊಸೆ

ಹಳೇ ಮನೆ ಇರುವವರ ಒಂದು ಕಿವಿ ಯಾವಾಗಲೂ ಮೇಲೆಯೇ ಇರುತ್ತದೆ. ಮಳೆ ಶುರುವಾದರೆ ಮಾತು ನಿಲ್ಲಿಸಿಬಿಡುತ್ತಾರೆ. ಟಪ್ ಅಂದದ್ದು ಎಲ್ಲಿ, ಅಡುಗೆಮನೆಯಲ್ಲೋ ಅಟ್ಟದ ಮೇಲೋ? ನಮ್ಮ ಮನೆಯಲ್ಲಿ ಅದಕ್ಕೆಂದೇ ಒಂದು ಸೊಟ್ಟ ಬೋಗುಣಿ ಇತ್ತು. ಮಳೆಗಾಲ ಮುಗಿಯುವವರೆಗೆ ಅದಕ್ಕೆ ಬೇರೆ ಕೆಲಸ ಇರುತ್ತಿರಲಿಲ್ಲ. ನಾಲ್ಕು ಅಂಕಣದ ಮನೆಗೇ ಈ ಗೋಳಾದರೆ ಏಳು ಎಕರೆ ಹರಡಿಕೊಂಡ ಮನೆಯ ಕಥೆ ಏನು? ಆ ಮನೆಯವರು ಬೋಗುಣಿ ಇಡಲಿಲ್ಲ. ಅಮೆರಿಕದಿಂದ ಸೊಸೆ ತಂದರು.

ಆ ಮನೆ ಆಕ್ಸ್‌ಫರ್ಡ್ ಹತ್ತಿರದ ಬ್ಲೆನಿಮ್ ಅರಮನೆ. ಮಾರ್ಲ್‌ಬರೋ ಡ್ಯೂಕರ ಮನೆತನದ್ದು. ಇಂಗ್ಲೆಂಡಿನ ಪ್ರಭುಗಳು ಗೇಣಿಯಲ್ಲಿ ಬದುಕಿದವರು. ಒಕ್ಕಲು ಬೆಳೆದರೆ ಇವರ ಮನೆಯಲ್ಲಿ ದೀಪ. 1870ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಗೋಧಿ ರೈಲು ಹತ್ತಿ, ಹಡಗು ಹತ್ತಿ ಇಂಗ್ಲೆಂಡಿನ ಪೇಟೆಗೆ ಬಂದು ಬಿತ್ತು. ಅದೂ ಅಗ್ಗದ ಬೆಲೆಗೆ. ಒಕ್ಕಲಿಗೆ ಗೇಣಿ ಕೊಡಲಾಗಲಿಲ್ಲ, ಪ್ರಭುಗಳಿಗೆ ಖರ್ಚು ಬಿಡಲಾಗಲಿಲ್ಲ. ಬ್ಲೆನಿಮ್‌ನವರು ಮೊದಲು ಕೆತ್ತನೆಯ ರತ್ನಗಳನ್ನು ಮಾರಿದರು. ಆಮೇಲೆ ಗ್ರಂಥಭಂಡಾರ ಹೋಯಿತು. 1885ರಲ್ಲಿ ರಾಫೆಲ್‌ನ ಚಿತ್ರವೊಂದನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ 70,000 ಪೌಂಡಿಗೆ ಕೊಟ್ಟರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುತ್ತಾರಲ್ಲ, ಅದೇ. ಮಾರುವುದಕ್ಕೆ ಉಳಿದದ್ದು ಇನ್ನೇನು? ಮದುವೆಯಾಗದ ಮಗ.

ಅತ್ತ ನ್ಯೂಯಾರ್ಕಿನಲ್ಲಿ ಬೇರೆ ಥರದ ಬಡತನ. ದುಡ್ಡು ಕೊಳೆಯುವಷ್ಟಿತ್ತು, ಆದರೆ ಹಳೇ ಮನೆತನದವರು ಹತ್ತಿರ ಸೇರಿಸುತ್ತಿರಲಿಲ್ಲ. ಮಿಸೆಸ್ ಆಸ್ಟರ್ ಅನ್ನುವ ಒಬ್ಬ ಯಜಮಾನಿ ಯಾರನ್ನು ಊಟಕ್ಕೆ ಕರೆಯುತ್ತಾಳೋ ಅವರಷ್ಟೇ ದೊಡ್ಡವರು. ಊರಲ್ಲಿ ಲೆಕ್ಕಕ್ಕಿರುವವರು ಬರೀ 400 ಜನ ಎಂಬ ಮಾತೇ ಹುಟ್ಟಿಕೊಂಡಿತ್ತು. ಆ ಬಾಗಿಲು ತಟ್ಟಿ ತಟ್ಟಿ ಸಾಕಾದವರು ಮಗಳನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಮಗಳು ಡ್ಯೂಕನ ಹೆಂಡತಿಯಾಗಿ, ಡಚೆಸ್ ಅನ್ನಿಸಿಕೊಂಡು ಬಂದರೆ ಯಾವ ಬಾಗಿಲು ಹಾಕಿರುತ್ತದೆ, ಅಲ್ವಾ?

1890ರಲ್ಲಿ ಇದಕ್ಕೊಂದು ಕೈಪಿಡಿಯೂ ಅಚ್ಚಾಯಿತು. ವಿದೇಶಿ ಪ್ರಭುಗಳನ್ನು ಮದುವೆಯಾದ ಅಮೆರಿಕದ ಹೆಣ್ಣುಮಕ್ಕಳ ಪಟ್ಟಿ ಮುಂದೆ, ಇನ್ನೂ ಮದುವೆಯಾಗದ ಪ್ರಭುಗಳ ಪಟ್ಟಿ ಹಿಂದೆ. ಗಂಡಿನ ವಯಸ್ಸೆಷ್ಟು, ಜಮೀನು ಎಷ್ಟು ಎಕರೆ, ಎಲ್ಲ ಇತ್ತು. ನಮ್ಮ ಭಾನುವಾರದ ಪತ್ರಿಕೆಯ ವಧೂವರರ ಪುಟ ನೋಡಿ ನಗುವವರು ಇದನ್ನೂ ಒಮ್ಮೆ ನೆನಪಿಸಿಕೊಳ್ಳಬೇಕು.

ಬ್ಲೆನಿಮ್‌ಗೆ ಸಿಕ್ಕ ಹುಡುಗಿ ಕಾನ್ಸುಯೆಲೊ ವಾಂಡರ್‌ಬಿಲ್ಟ್. ರೈಲು ದೊರೆಗಳ ಮನೆಯವಳು, ವಯಸ್ಸು 18. ಅವಳ ಮನಸ್ಸು ಬೇರೊಬ್ಬನ ಮೇಲಿತ್ತು. ತಾಯಿ ಆಲ್ವಾ ಅವನನ್ನು ಗುಂಡಿಟ್ಟು ಕೊಲ್ಲುತ್ತೇನೆ ಅಂದಳು, ನಿನ್ನಿಂದಲೇ ನನ್ನ ಎದೆ ನಿಂತುಹೋಗುತ್ತದೆ ಎಂದು ಹಾಸಿಗೆ ಹಿಡಿದಳು. ತಾಯಂದಿರ ಈ ಎದೆನೋವಿಗೆ ದೇಶಭಾಷೆಯ ಹಂಗಿಲ್ಲ. 1895ರ ನವೆಂಬರ್ 6ರಂದು ಮದುವೆ. ಅತ್ತು ಕಣ್ಣು ಊದಿತ್ತು, ಅದನ್ನು ತಣ್ಣೀರಲ್ಲಿ ಒರೆಸಿ ಸರಿಮಾಡುವಷ್ಟರಲ್ಲಿ ಚರ್ಚಿಗೆ 20 ನಿಮಿಷ ತಡವಾಯಿತು.

ಕೊಟ್ಟದ್ದು ಬೀಚ್ ಕ್ರೀಕ್ ರೈಲ್ವೆಯ 50,000 ಷೇರು, ಅಂದರೆ 25 ಲಕ್ಷ ಡಾಲರ್. ಶೇಕಡಾ 4ರ ಲಾಭ ಖಾತ್ರಿ. ವರ್ಷಕ್ಕೆ ಒಂದು ಲಕ್ಷ ಡಾಲರ್, ಗಂಡ ಕೂತಲ್ಲೇ. ಇಲ್ಲಿ ನನಗೆ ನಗು ಬರುತ್ತದೆ. ಗೋಧಿ ಹೊತ್ತು ತಂದು ಪ್ರಭುಗಳ ಗೇಣಿ ಮುಳುಗಿಸಿದ್ದೇ ಅಮೆರಿಕದ ರೈಲು. ರೈಲು ಕಿತ್ತುಕೊಂಡದ್ದನ್ನು ರೈಲೇ ವಾಪಸ್ ತಂದುಕೊಟ್ಟಿತು, ಜೊತೆಗೊಬ್ಬಳು ಹುಡುಗಿಯನ್ನೂ ಕೂರಿಸಿಕೊಂಡು.

ಡ್ಯೂಕ್ ಸುಳ್ಳು ಹೇಳುವವನಲ್ಲ. ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಹೇಳಿಬಿಟ್ಟ: ನಾನೂ ಒಬ್ಬಳನ್ನು ಇಷ್ಟಪಟ್ಟಿದ್ದೆ, ಬ್ಲೆನಿಮ್ ಉಳಿಸಲಿಕ್ಕೆ ಅವಳನ್ನು ಬಿಟ್ಟೆ. ಇವಳನ್ನು ಮದುವೆಯಾದದ್ದು ಅವನಲ್ಲ, ಮನೆ. ದುಡ್ಡನ್ನೂ ಅವನು ಮನೆಗೇ ಸುರಿದ. ಕೋಣೆಗಳಿಗೆ ಚಿನ್ನದ ಮೆರುಗು ಬಂತು, ಅಂಗಳ ಹೊಸದಾಯಿತು, ಸಾಲುಮರ ಬಂದವು.

ಆ ಚಿನ್ನದ ನಡುವೆ ಗಂಡಹೆಂಡತಿ ಇಬ್ಬರೇ ಕೂತು ಊಟ ಮಾಡುವುದನ್ನು ಅವಳು ಮುಂದೆ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಡ್ಯೂಕ್ ತಟ್ಟೆ ತುಂಬ ಬಡಿಸಿಕೊಳ್ಳುತ್ತಾನೆ. ತಟ್ಟೆಯನ್ನು ಆಚೆ ತಳ್ಳುತ್ತಾನೆ. ಚಮಚ, ಚಾಕು, ಲೋಟ, ಒಂದೊಂದಾಗಿ ಅವೂ ಆಚೆಗೆ. ಕುರ್ಚಿ ಹಿಂದೆ ಸರಿಸಿ, ಕಾಲ ಮೇಲೆ ಕಾಲು ಹಾಕಿ, ಕಿರುಬೆರಳಿನ ಉಂಗುರ ತಿರುಗಿಸುತ್ತಾ ಕೂರುತ್ತಾನೆ. ಮಾತಿಲ್ಲ. ಕಾಲು ಗಂಟೆಯಾದ ಮೇಲೆ ಎಚ್ಚರವಾದವನಂತೆ ತಟ್ಟೆಗೆ ಕೈಹಾಕಿ, ಊಟ ಆರಿಹೋಗಿದೆ ಎಂದು ಗೊಣಗುತ್ತಾನೆ. ಇವಳು ಬೇಸತ್ತು ಊಟದ ಮೇಜಿಗೇ ಹೆಣಿಗೆ ತರಲು ಶುರುಮಾಡಿದಳು. ಬಡಿಸುವ ಬಟ್ಲರ್ ಹೊರಗಿನ ಹಜಾರದಲ್ಲಿ ಪತ್ತೇದಾರಿ ಕಥೆ ಓದುತ್ತಿದ್ದ. ಆ ಮನೆಯಲ್ಲಿ ಹೊತ್ತು ಚೆನ್ನಾಗಿ ಹೋಗುತ್ತಿದ್ದದ್ದು ಬಹುಶಃ ಅವನೊಬ್ಬನಿಗೇ.

ಇನ್ನೊಂದು ದಿನ ಚಳಿ ಎಂದು ಗಂಟೆ ಒತ್ತಿ, ಒಲೆಗೆ ಬೆಂಕಿ ಹಚ್ಚು ಅಂದಳಂತೆ. ಕಟ್ಟಿಗೆ ಜೋಡಿಸಿಯೇ ಇತ್ತು, ಕಡ್ಡಿ ಗೀರಿದ್ದರೆ ಸಾಕಿತ್ತು. ಬಟ್ಲರ್ ತಲೆಬಾಗಿಸಿ, ಆಳನ್ನು ಕಳಿಸುತ್ತೇನೆ ಅಂದ. ಅದು ಅವನ ದರ್ಜೆಯ ಕೆಲಸವಲ್ಲ. ಬೇಡಪ್ಪ, ನಾನೇ ಹಚ್ಚಿಕೊಳ್ಳುತ್ತೇನೆ ಅಂದಳು ಡಚೆಸ್.

ಗಂಡನ ಅಜ್ಜಿಗೆ ಒಂದೇ ಚಿಂತೆ: ಬೇಗ ಗಂಡುಮಗು ಆಗಲಿ, ಇಲ್ಲದಿದ್ದರೆ ಆ ಪುಂಡ ವಿನ್‌ಸ್ಟನ್ ಡ್ಯೂಕ್ ಆಗಿಬಿಡುತ್ತಾನೆ. ಹೌದು, ವಿನ್‌ಸ್ಟನ್ ಚರ್ಚಿಲ್ಲೇ, ಡ್ಯೂಕನ ಚಿಕ್ಕಪ್ಪನ ಮಗ. ಅವನ ತಾಯಿ ಜೆನ್ನಿ ಜೆರೋಮ್ ಕೂಡ 1874ರಲ್ಲಿ 50,000 ಪೌಂಡಿನೊಂದಿಗೆ ಬಂದ ನ್ಯೂಯಾರ್ಕಿನ ಸೊಸೆ. 1897ರಲ್ಲಿ ಕಾನ್ಸುಯೆಲೊಗೆ ಮಗ ಹುಟ್ಟಿದ. ಡ್ಯೂಕ್ ಆಗಿದ್ದರೆ ಪ್ರಭುಗಳ ಸಭೆಯಲ್ಲಿ ತೂಕಡಿಸಬೇಕಿದ್ದ ಚರ್ಚಿಲ್ ಬಚಾವಾದ.

ಎಲ್ಲರದೂ ಹೆಣಿಗೆಯ ಸಂಸಾರವೇನೂ ಆಗಲಿಲ್ಲ. ಚಿಕಾಗೋ ವ್ಯಾಪಾರಿಯ ಮಗಳು ಮೇರಿ ಲೈಟರ್ ಅದೇ 1895ರಲ್ಲಿ ಜಾರ್ಜ್ ಕರ್ಜನ್‌ನನ್ನು ಮದುವೆಯಾದಳು, ಪ್ರೀತಿಸಿಯೇ. ಅವನು ವೈಸರಾಯ್ ಆಗಿ ಇಂಡಿಯಾಕ್ಕೆ ಬಂದ. 1902ರ ಆಗಸ್ಟಿನಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಟ್ಟವನು ಇದೇ ಕರ್ಜನ್. ಮರುವರ್ಷ ದೆಹಲಿ ದರ್ಬಾರಿನಲ್ಲಿ ಮೇರಿ ನವಿಲುಗರಿ ಹೆಣೆದ ಜರ್ದೋಸಿಯ ಉಡುಪಿನಲ್ಲಿ ಬಂದಳು. ಪ್ರತಿ ಗರಿಯ ಕಣ್ಣಿಗೂ ಪಚ್ಚೆಯಂತೆ ಹೊಳೆಯುವ ಜೀರುಂಡೆ ರೆಕ್ಕೆ. ಆ ದರ್ಬಾರಿಗೆ ಕಾನ್ಸುಯೆಲೊ ಕೂಡ ಬಂದಿದ್ದಳು.

1906ರಲ್ಲಿ ಕಾನ್ಸುಯೆಲೊ ಮತ್ತು ಡ್ಯೂಕ್ ಬೇರೆಯಾದರು, 1921ರಲ್ಲಿ ವಿಚ್ಛೇದನ. ಮದುವೆಯೇ ಅಸಿಂಧು ಎಂದು ಚರ್ಚಿನಿಂದ ಹೇಳಿಸಬೇಕಾಗಿ ಬಂದಾಗ ಸಾಕ್ಷಿ ಹೇಳಿದ್ದು ಯಾರು ಗೊತ್ತೇ? ಆಲ್ವಾ. ಬಲವಂತ ಮಾಡಿದ್ದು ನಾನೇ ಅಂದಳು.

ಡ್ಯೂಕ್ ಮತ್ತೆ ಮದುವೆಯಾದ. ಗ್ಲಾಡಿಸ್ ಡೀಕನ್, ಇವಳೂ ಅಮೆರಿಕದ ಮನೆತನದವಳು. ಬ್ಲೆನಿಮ್‌ಗೆ ಹೋದವರು ಮುಂಬಾಗಿಲ ಕಂಬಗಳ ನಡುವೆ ನಿಂತು ತಲೆ ಎತ್ತಿದರೆ ಚಾವಣಿಯಲ್ಲಿ ದೊಡ್ಡ ದೊಡ್ಡ ಕಣ್ಣುಗಳು ಕಾಣುತ್ತವೆ. 1928ರಲ್ಲಿ ಬರೆಸಿದ್ದು. ನೀಲಿಯವು ಗ್ಲಾಡಿಸಳ ಕಣ್ಣು. ಬಣ್ಣ ಸರಿಯಾಗಿ ಹೊಂದಲಿ ಎಂದು ಅವಳು ತನ್ನ ಕಣ್ಣಿನ ನೀಲಿಯದೇ ಒಂದು ಸ್ಕಾರ್ಫ್ ಹಿಡಿದು ಚಿತ್ರಗಾರ ನಿಂತಿದ್ದ ಅಟ್ಟಣಿಗೆ ಹತ್ತಿದ್ದಳು. ಸೊಸೆಯಾಗಿ ಬಂದವಳು ಈಗಲೂ ಸೂರಿನಲ್ಲೇ ಇದ್ದಾಳೆ, ರೆಪ್ಪೆ ಮುಚ್ಚದೆ, ಕೆಳಗೆ ಯಾರು ಒಳಗೆ ಹೋಗುತ್ತಿದ್ದಾರೆಂದು ನೋಡುತ್ತಾ.