ಕಾಲು ಚಾಚಲು ಬೈಕಿದೆ, ಹಾಸಿಗೆ ಎಲ್ಲಿದೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದರು. ಅವರು ಮುಂಬೈಯಲ್ಲಿ ಮನೆ ಮಾಡಿದವರಲ್ಲ. ಇಲ್ಲಿನ ಒಂದು ಬಿಎಚ್‌ಕೆಯಲ್ಲಿ ಕಾಲು ಚಾಚಿದರೆ ಫ್ರಿಜ್ಜಿಗೆ ತಾಗುತ್ತದೆ. ಅದಕ್ಕೇ ಇರಬೇಕು, ನನ್ನ ಅಕ್ಕನ ಮಗ ಕಾಲು ಚಾಚಲೆಂದೇ ಒಂದು ಬೈಕ್ ತಂದಿದ್ದಾನೆ. ಕ್ರೂಸರ್! ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650. ಸೀಟು ತಗ್ಗು, ಹ್ಯಾಂಡಲ್ ಅಗಲ, ಕಾಲಿಡುವ ಜಾಗ ಎಲ್ಲೋ ಮುಂದೆ. ಕೂತರೆ ಥೇಟ್ ಊರಿನ ಜಗಲಿಯಲ್ಲಿ ಆರಾಮ ಕುರ್ಚಿಗೆ ಒರಗಿದ ಅಜ್ಜ. ತೂಕ 241 ಕೆಜಿ. ಸೊಸೈಟಿಯ ಪಾರ್ಕಿಂಗ್‌ನಿಂದ ಅದನ್ನು ಹಿಂದಕ್ಕೆ ಎಳೆಯಲು ವಾಚ್‌ಮನ್, ಇಸ್ತ್ರಿಯವನು, ನಾನು ಮೂವರೂ ಬೇಕು.

"ಮಾಮ, ಇದು ಉದ್ದ, ನೇರ, ಖಾಲಿ ರಸ್ತೆಗೇ ಹೇಳಿ ಮಾಡಿಸಿದ ಗಾಡಿ" ಅಂದ.

ಮುಂಬೈಯಲ್ಲಿ ಅಂಥ ರಸ್ತೆ ಎಲ್ಲಿದೆ ಅಂತ ನಗಬೇಡಿ. ಇದೆ. 2009ರಿಂದ ಬಾಂದ್ರಾ-ವರ್ಲಿ ಸೀ ಲಿಂಕ್ ಇದೆ. ಕೋಸ್ಟಲ್ ರೋಡ್ ಇದೆ. ಶಿವಡಿಯಿಂದ ಸಮುದ್ರದ ಮೇಲೆ ಹೊರಟು ಒಟ್ಟು 21.8 ಕಿಲೋಮೀಟರ್ ಸಾಗುವ ಅಟಲ್ ಸೇತು ಇದೆ, 2024ರ ಜನವರಿಯಲ್ಲಿ ತೆರೆದದ್ದು. ದಾಟಿ ಮುಂದೆ ಹೋದರೆ ಪುಣೆಗೆ ಎಕ್ಸ್‌ಪ್ರೆಸ್‌ವೇ ಇದೆ. ನಾಲ್ಕೂ ಉದ್ದ, ನಾಲ್ಕೂ ನುಣುಪು. ನಾಲ್ಕರಲ್ಲೂ ಬೈಕಿಗೆ ಪ್ರವೇಶವಿಲ್ಲ.

ಕಾರಣ ಕೇಳಿದರೆ ಸುರಕ್ಷತೆ, ವೇಗ, ಗಾಳಿ. ಆಯ್ತು, ಒಪ್ಪೋಣ. ಹಾಗಾದರೆ ವಾಶಿ ಸೇತುವೆ? ಅಲ್ಲಿ ಕಂಟೇನರ್ ಲಾರಿಗಳ ನಡುವೆ ಬೈಕು ಧಾರಾಳವಾಗಿ ಹೋಗಬಹುದು. ಆ ಖಾರಿಯ ಮೇಲೆ ಗಾಳಿ ಬೀಸುವುದಿಲ್ಲ ಅಂತ ಕಾಣುತ್ತೆ.

ಇನ್ನೊಂದು ಲೆಕ್ಕ ನೋಡಿ. ಟಾಟಾ ನ್ಯಾನೋ ಎಂಜಿನ್ 624 ಸಿಸಿ, ಎರಡು ಸಿಲಿಂಡರ್. ನಮ್ಮ ಹುಡುಗನದು 648 ಸಿಸಿ, ಅದೂ ಎರಡು ಸಿಲಿಂಡರ್. ನ್ಯಾನೋ ಅಟಲ್ ಸೇತುವೆಯ ಮೇಲೆ ರಾಜನ ಹಾಗೆ ಹೋಗುತ್ತದೆ. 47 ಅಶ್ವಶಕ್ತಿಯ ಕ್ರೂಸರ್ ಶಿವಡಿಯಲ್ಲೇ ನಿಲ್ಲಬೇಕು. ನಿಷೇಧದ ಪಟ್ಟಿಯಲ್ಲಿ ಅದರ ಜೊತೆಗಾರರು ಯಾರು ಗೊತ್ತಾ? ರಿಕ್ಷಾ, ಟ್ರ್ಯಾಕ್ಟರ್, ಎತ್ತಿನ ಗಾಡಿ. 47 ಕುದುರೆಗಳಿಗೆ ಎಂಥ ಮರ್ಯಾದೆ!

ಭಾನುವಾರ ಬೆಳಗ್ಗೆ ಮಾಟುಂಗದ ಉಡುಪಿ ಹೋಟೆಲಿನ ಮುಂದೆ ಇವನ ಗೆಳೆಯರೆಲ್ಲ ಸೇರುತ್ತಾರೆ. ಕ್ರೂಸರಿನಲ್ಲೂ ಒಳಜಾತಿಗಳಿವೆ ಅಂತ ನನಗೆ ತಿಳಿದದ್ದು ಅಲ್ಲೇ. ಒಬ್ಬನದು ಬಾಬರ್. ಹಿಂದೆ ಅಮೆರಿಕದ ಸವಾರರು ಭಾರ ಕಮ್ಮಿ ಮಾಡಲು ಮಡ್‌ಗಾರ್ಡ್ ಕತ್ತರಿಸಿದರಂತೆ, ಅದೇ ಈಗ ಫ್ಯಾಷನ್. ಜುಲೈ ಮಳೆಯಲ್ಲಿ ಇವನು ಬಂದಿಳಿದರೆ ಬೆನ್ನ ಮೇಲೆ ಕೆಸರಿನ ಉದ್ದ ನಾಮ. ಸೀಟು ಒಂದೇ. ಹೆಂಡತಿ ಟ್ಯಾಕ್ಸಿಯಲ್ಲಿ ಬರುತ್ತಾಳೆ, ಇವನಿಗಿಂತ ಮೊದಲೇ ಬಂದು ಇಡ್ಲಿ ಮುಗಿಸಿರುತ್ತಾಳೆ.

ಇನ್ನೊಬ್ಬನಿಗೆ ಚಾಪರ್ ಕನಸು. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಎಷ್ಟು ಉದ್ದ ಅಂದರೆ ಚಕ್ರ ಕಿಂಗ್ಸ್ ಸರ್ಕಲ್ ಮುಟ್ಟಿದಾಗ ಸವಾರ ಇನ್ನೂ ಮಾಟುಂಗ ಸ್ಟೇಷನ್ನಿನಲ್ಲೇ ಇರುತ್ತಾನೆ. ಹ್ಯಾಂಡಲ್ ಹಿಡಿಯಲು ಎರಡೂ ಕೈ ಮೇಲೆತ್ತಬೇಕು. ಅದೇನು ಕಷ್ಟವಲ್ಲ ಬಿಡಿ, ಡೊಂಬಿವಿಲಿಯಿಂದ ಲೋಕಲ್‌ನಲ್ಲಿ ನೇತಾಡಿ ಬಂದವನಿಗೆ ಇಪ್ಪತ್ತು ವರ್ಷದ ಅಭ್ಯಾಸ. ಆದರೆ ಕಂಪನಿ ಕೊಟ್ಟ ಬೈಕನ್ನು ಹಾಗೆ ತಿದ್ದುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕನಸು ಹಾಗೇ ಇದೆ.

ನನಗೆ ಜಾಸ್ತಿ ಪಾಪ ಅನ್ನಿಸುವುದು ಬ್ಯಾಗರ್‌ನವನನ್ನು ಕಂಡಾಗ. ಎರಡೂ ಕಡೆ ಸೂಟ್‌ಕೇಸಿನಂಥ ಪೆಟ್ಟಿಗೆ. ಮುಂಬೈಯಲ್ಲಿ ಬೈಕಿಗಿರುವ ಒಂದೇ ಸುಖ ಎರಡು ಟ್ಯಾಕ್ಸಿಗಳ ನಡುವೆ ನುಸುಳುವುದು. ಇವನಿಗೆ ಅದೂ ಇಲ್ಲ. ಸಾಯನ್ ಸಿಗ್ನಲ್‌ನಲ್ಲಿ ಕಾರಿನಂತೆ ಕಾಯುತ್ತಾನೆ, ಎಸಿ ಇಲ್ಲದೆ.

ಮೊನ್ನೆ ನಮ್ಮ ಹುಡುಗನಿಗೆ ಹಟ ಬಂತು. ಹೇಗಾದರೂ ಮಾಡಿ ಬೈಕನ್ನು ಅಟಲ್ ಸೇತು ದಾಟಿಸಲೇಬೇಕು. ದಾರಿ ಒಂದೇ, ಟೆಂಪೋದಲ್ಲಿ ಹೇರುವುದು. ಬಾಡಿಗೆ, ಟೋಲ್ ಎಲ್ಲಾ ಮಾತಾಡಿ ಮುಗಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ಹಿಂದೆ ಬೈಕಿನ ಮೇಲೆ ನಾನೇ ಕೂತು ಬರಬಹುದಾ?"

ಟೆಂಪೋದವನು ಬೈಕನ್ನೂ ಅವನನ್ನೂ ಒಮ್ಮೆ ನೋಡಿ ಕೇಳಿದ:

"ಹೆಲ್ಮೆಟ್ ಇದೆಯಾ?"